ಹತ್ತು ಡಾಲರ್ ಪೆಟ್ಟಿಗೆಗೆ ಹತ್ತು ಸಾವಿರದ ಬೆಲೆ

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಂತು. ಅಚ್ಚಾದ ಪ್ರತಿಗಳು 1,000, ಬೆಲೆ 10 ಡಾಲರ್. ಅದನ್ನು ಹೊರತಂದ ಪುಟ್ಟ ಕಂಪನಿಗೆ ಗ್ಯಾರಿ ಗೈಗ್ಯಾಕ್ಸ್ ಮತ್ತು ಡಾನ್ ಕೇ ತಲಾ 1,000 ಡಾಲರ್ ಹಾಕಿದ್ದರು, ಬ್ರಯನ್ ಬ್ಲೂಮ್ 2,000 ಕೊಟ್ಟಿದ್ದರು. ರಟ್ಟಿನ ಪೆಟ್ಟಿಗೆಗೆ ಮರದ ಗೆರೆಯಂತೆ ಕಾಣುವ ಕಾಗದ ಅಂಟಿಸಿ, ಒಳಗೆ ಮೂರು ತೆಳು ಪುಸ್ತಿಕೆ, ಒಂದಿಷ್ಟು ಬಿಡಿ ಹಾಳೆ ಇಟ್ಟು, ಎಲ್ಲವನ್ನೂ ಕೈಯಿಂದಲೇ ಜೋಡಿಸಿದರು. ಆ ಸಾವಿರ ಪೆಟ್ಟಿಗೆ ಖರ್ಚಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಎರಡನೆಯ ಸಾವಿರ ಐದಾರು ತಿಂಗಳಲ್ಲೇ ಮುಗಿಯಿತು.

ಇಡೀ ಮೊದಲ ಮುದ್ರಣದ ಮುಖಬೆಲೆ ಕೂಡಿದರೆ 10,000 ಡಾಲರ್. ಇಂದು ಅದರಲ್ಲಿ ಸುಸ್ಥಿತಿಯ ಒಂದೇ ಒಂದು ಪೆಟ್ಟಿಗೆ ಅಷ್ಟು ಹಣವನ್ನೂ ಮೀರಿ ಮಾರಾಟವಾದದ್ದುಂಟು. ಡಾಲರಿಗೆ 85 ರೂಪಾಯಿ ಹಿಡಿದರೆ ಎಂಟೂವರೆ ಲಕ್ಷ.

ಈ ಏರಿಕೆ ಎಷ್ಟು ದೊಡ್ಡದು? ಬರೀ ಹಣದುಬ್ಬರದ ಲೆಕ್ಕ ಹಿಡಿದರೆ 1974ರ 10 ಡಾಲರ್ 2024ರಲ್ಲಿ ಸುಮಾರು 64 ಡಾಲರ್‌ಗೆ ಸಮ. ಅದೇ 10 ಡಾಲರನ್ನು ಚಿನ್ನಕ್ಕೆ ಹಾಕಿದ್ದರೆ 1973ರ ಕೊನೆಯಿಂದ 2023ರ ಕೊನೆಗೆ ಸುಮಾರು 184 ಡಾಲರ್ ಆಗುತ್ತಿತ್ತು. ಎಸ್ ಅಂಡ್ ಪಿ 500 ಸೂಚ್ಯಂಕ ಅದೇ ಅವಧಿಯಲ್ಲಿ 97.55ರಿಂದ 4,769.83ಕ್ಕೆ ಏರಿತು. ಡಿವಿಡೆಂಡ್ ಬಿಟ್ಟು ಲೆಕ್ಕ ಹಾಕಿದರೆ 10 ಡಾಲರ್ 489 ಆಗುತ್ತಿತ್ತು. ಪೆಟ್ಟಿಗೆ ಮಾತ್ರ ಸಾವಿರ ಪಟ್ಟು. ಐವತ್ತು ವರ್ಷ ಕಾಲ ವರ್ಷಕ್ಕೆ ಶೇಕಡಾ 14.8 ಚಕ್ರಬಡ್ಡಿ ಸಿಕ್ಕಂತೆ.

ಇಂಥ ಲೆಕ್ಕ ಓದಿದವರು ಕೂಡಲೇ ಅಟ್ಟ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಾಳಿ. ಈ ಲೆಕ್ಕ ಗೆದ್ದ ಪೆಟ್ಟಿಗೆಗಳದ್ದು ಮಾತ್ರ. 1974ರಲ್ಲಿ ಇದನ್ನು ಕೊಂಡವರು ಆಡಲೆಂದೇ ಕೊಂಡರು. ಪುಸ್ತಿಕೆಯ ಅಂಚಿನಲ್ಲಿ ಪೆನ್ಸಿಲ್ ಗುರುತು, ಮುಖಪುಟದ ಮೇಲೆ ಕಾಫಿ ಲೋಟದ ಉಂಗುರ, ತುಕ್ಕು ಹಿಡಿದ ಸ್ಟೇಪಲ್ ಪಿನ್, ಮೂಲೆ ಒಡೆದ ರಟ್ಟು: ಸಾವಿರ ಪ್ರತಿಗಳಲ್ಲಿ ಬಹುಪಾಲಿನ ಗತಿ ಇದು. ಮುಖ್ಯವಾಗಿ, ಶೇಕಡಾ 14.8 ಬರುತ್ತದೆಂದು ಲೆಕ್ಕ ಹಾಕಿ ಅದನ್ನು ಬೀರುವಿನಲ್ಲಿಟ್ಟವರು ಯಾರೂ ಇರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದ ನಾಲ್ಕೈದು ಮಂದಿ ಯೋಧ, ಮಾಂತ್ರಿಕ, ಕಳ್ಳ ಎಂದು ಒಂದೊಂದು ಪಾತ್ರ ವಹಿಸುತ್ತಾರೆ. ಬಾಗಿಲು ಮುರಿಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಆಟಕ್ಕೆ ಬೇಕಾದ್ದು ನಿಯಮ, ದಾಳ, ಕಾಗದ, ಪೆನ್ಸಿಲ್. ಆರು ಮಂದಿ ಕೂತರೂ ಪುಸ್ತಕ ಒಂದಿದ್ದರೆ ನಡೆದೀತು. ಬೆಲೆಯ ಕಥೆಗೆ ಈ ಕೊನೆಯ ಮಾತು ಮುಖ್ಯ.

ಪಕ್ಕದಲ್ಲಿಟ್ಟು ನೋಡಲು ಒಳ್ಳೆಯ ಜೋಡಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಇಸ್ಪೀಟು ಮಾದರಿಯ ಸಂಗ್ರಹದ ಆಟ. 1993ರಲ್ಲಿ ಬಂದ ಅದರ ‘ಆಲ್ಫಾ’ ಮುದ್ರಣದಲ್ಲಿ ‘ಬ್ಲ್ಯಾಕ್ ಲೋಟಸ್’ ಸೇರಿದಂತೆ ಪ್ರತಿಯೊಂದು ಅಪರೂಪದ ಕಾರ್ಡೂ ಅಚ್ಚಾದದ್ದು ಸುಮಾರು 1,100. ನಮ್ಮ ಪೆಟ್ಟಿಗೆಯ 1,000ಕ್ಕೆ ಬಹಳ ಹತ್ತಿರದ ಸಂಖ್ಯೆ, ಅದೂ ಇಪ್ಪತ್ತು ವರ್ಷ ಈಚಿನದು. ಆದರೂ 2021ರ ಜನವರಿಯಲ್ಲಿ ಅಂಥ ಒಂದು ಬ್ಲ್ಯಾಕ್ ಲೋಟಸ್ 5,11,100 ಡಾಲರ್‌ಗೆ ಹೋಯಿತು. ಅದು ಹತ್ತಕ್ಕೆ ಹತ್ತು ದರ್ಜೆ ಪಡೆದ ಕಾರ್ಡು, ನಿಜ. ಅದನ್ನು ಬಿಟ್ಟು ಕೈಯಾಡಿ ಸವೆದ ಕಾರ್ಡು ತೆಗೆದುಕೊಂಡರೂ ಅದರ ಬೆಲೆ ಸವೆದ ಪೆಟ್ಟಿಗೆಯದ್ದಕ್ಕಿಂತ ಬಹಳ ಮೇಲೆ.

ಅಪರೂಪ ಒಂದೇ ಆದರೂ ಬೆಲೆ ಒಂದಲ್ಲ. ಕಾರಣ ಹುಡುಕಿದರೆ ಮೊದಲು ಸಿಗುವುದು ಆಟದ ರೀತಿ. ಕಾರ್ಡಿನಾಟದಲ್ಲಿ ಪ್ರತಿ ಆಟಗಾರನಿಗೂ ಅವನದೇ ಕಾರ್ಡು ಬೇಕು. ಪಾತ್ರದಾಟದಲ್ಲಿ ಐವರಿಗೆ ಒಂದು ಪುಸ್ತಕ ಸಾಕು. ಕಾರ್ಡು ಒಂದೇ ಚೂರು, ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡಿ ಅಂಕ ಕೊಡಬಹುದು. ಪೆಟ್ಟಿಗೆಯಲ್ಲಿ ಹತ್ತಾರು ಚೂರು, ಒಂದೊಂದೂ ಒಂದೊಂದು ರೀತಿ ಸವೆದಿರುತ್ತದೆ. ಎಲ್ಲಕ್ಕಿಂತ ದೊಡ್ಡದು ಮರುಮುದ್ರಣದ ವಿಚಾರ. 1995ರಲ್ಲಿ ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿದಾಗ ಸಂಗ್ರಾಹಕರು ಎದ್ದು ಕೂಗಾಡಿದರು. ಮರುವರ್ಷ ಆ ಆಟವನ್ನು ತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಇಂತಿಂಥ ಕಾರ್ಡುಗಳನ್ನು ಇನ್ನೆಂದೂ ಅಚ್ಚು ಹಾಕುವುದಿಲ್ಲ ಎಂದು ಪಟ್ಟಿ ಮಾಡಿ ಮಾತು ಕೊಟ್ಟಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪೆಟ್ಟಿಗೆಗೆ ಅಂಥ ಮಾತು ಕೊಟ್ಟವರಿಲ್ಲ. 1997ರಿಂದ ಅದರ ಒಡೆತನವೂ ಇದೇ ಕಂಪನಿಯದ್ದು ಎಂಬುದು ತಮಾಷೆ.

ಹೀಗಾಗಿ ಹೆಚ್ಚುಕಡಿಮೆ ಒಂದೇ ಬರಹಕ್ಕೆ ನಾಲ್ಕು ಬೆಲೆ. ಪಿಡಿಎಫ್ ಪ್ರತಿ ಸುಮಾರು 10 ಡಾಲರ್, ಅಂದರೆ 1974ರ ಬೆಲೆಯೇ. 2024ರಲ್ಲಿ ಆಟದ ಹುಟ್ಟಿನ ದಾಖಲೆಗಳೊಂದಿಗೆ ಬಂದ 576 ಪುಟದ ದಪ್ಪ ಪುಸ್ತಕದಲ್ಲಿ ಮೂಲ ಪುಸ್ತಿಕೆಗಳ ನಕಲೂ ಇದೆ, ಬಂದಾಗ ಅದರ ಬೆಲೆ 99.99. ನಿಜವಾದ ಮರದ ಪೆಟ್ಟಿಗೆಯ 2013ರ ಮರುಮುದ್ರಣ ಬಂದಾಗ 149.99 ಇತ್ತು. ಇನ್ನು 1974ರ ಪೆಟ್ಟಿಗೆ. ಮೊದಲ ಮೂರರ ನಂತರ ನಾಲ್ಕನೆಯದಕ್ಕೆ ಕೊಡುವ ದುಡ್ಡು ಆಟಕ್ಕಲ್ಲ, ಕಾಗದಕ್ಕೆ.

ಕಾಗದವೆಂದ ಮೇಲೆ ಕಾಗದವನ್ನೇ ಓದಬೇಕು. ಮರದ ಗೆರೆಯ ಪೆಟ್ಟಿಗೆ ಮೂರು ಮುದ್ರಣಗಳಿಗೆ ಬಂತು, ನಾಲ್ಕನೆಯದಕ್ಕೆ ಬಿಳಿ ಪೆಟ್ಟಿಗೆಯಾಯಿತು. ಮೊದಲ ಪುಸ್ತಿಕೆಯ ಮುಖಪುಟದ ಕುದುರೆ ಸವಾರ ಹೋಗಿ ಕತ್ತಿ ಹಿಡಿದ ಯೋಧ ಬಂದ. ಟೋಲ್ಕಿನ್ ಕೃತಿಗಳ ಹಕ್ಕುದಾರರು ತಕರಾರು ತೆಗೆದ ಮೇಲೆ ‘ಹಾಬಿಟ್’ಗಳು ಒಳಪುಟಗಳಿಂದ ಮಾಯವಾದವು. ಹರಾಜಿನ ಚಿತ್ರ ನೋಡುವ ಅನುಭವಿಗಳ ಕಣ್ಣು ಮೊದಲು ಹೋಗುವುದು ಇಂಥ ಗುರುತುಗಳಿಗೆ.

ದುಬಾರಿ ಬೆಲೆಗೆ ಬಂದದ್ದು ಮುಂದೆಯೂ ದುಬಾರಿಯಾಗುತ್ತದೆ ಎಂಬ ನಿಯಮವೂ ಇಲ್ಲ. 1975ರಲ್ಲಿ ಗೈಗ್ಯಾಕ್ಸ್ ಅವರ ಕಂಪನಿಯೇ ತಂದ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಬೆಲೆ 25 ಡಾಲರ್, 2024ರ ಲೆಕ್ಕದಲ್ಲಿ 145ರ ಆಸುಪಾಸು. ಅದನ್ನು ಬರೆದ ಎಂ.ಎ.ಆರ್. ಬಾರ್ಕರ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಉರ್ದು ಕಲಿಸುತ್ತಿದ್ದ ಪ್ರಾಧ್ಯಾಪಕ. ಬಣ್ಣದ ನಕ್ಷೆ, ಒಳ್ಳೆಯ ಮುದ್ರಣ ಎಲ್ಲ ಇದ್ದ ಆ ಪೆಟ್ಟಿಗೆ ಈಗ ಕೆಲವು ನೂರು ಡಾಲರ್‌ಗೆ ಸಿಗುತ್ತದೆ.

ಅಗ್ಗದ ತುದಿಯಲ್ಲಿರುವುದು ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ಎಂಬ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸಾಹಸ ಪುಸ್ತಿಕೆ. ಹೊಸಬರ ‘ಬೇಸಿಕ್ ಸೆಟ್’ ಜೊತೆ ಹಂಚಿದ್ದರಿಂದ ಹತ್ತು ಲಕ್ಷಕ್ಕೂ ಹೆಚ್ಚು ಅಚ್ಚಾದದ್ದು. ಹಳೆಯದು, ಹೆಸರುವಾಸಿ, ಆಡಲು ಚೆನ್ನ. ಬೆಲೆ ಮಾತ್ರ ಒಂದು ಊಟದಷ್ಟು. ಆದರೆ ಅದೇ ಬೇಸಿಕ್ ಸೆಟ್‌ನಲ್ಲಿ ಒಂದು ಕುತೂಹಲದ ವಸ್ತುವಿದೆ. 1979ರ ಸುಮಾರಿಗೆ ದಾಳಗಳ ಅಭಾವವಾಗಿ ಕಂಪನಿ ದಾಳದ ಬದಲು ಅಂಕಿ ಬರೆದ ರಟ್ಟಿನ ಬಿಲ್ಲೆಗಳನ್ನು ಹಾಕಿತು. ಬಟ್ಟಲಿಗೆ ಹಾಕಿ ಕಣ್ಣು ಮುಚ್ಚಿ ಒಂದು ಎತ್ತಬೇಕು. ಹಾಳೆಯಿಂದ ಕಿತ್ತಿರದ ಬಿಲ್ಲೆಗಳಿದ್ದರೆ ಪೆಟ್ಟಿಗೆಗೆ ಬೆಲೆ ಏರುತ್ತದೆ. ದಾಳದ ಅಂಕಿ ತುಂಬಲು ಕೊಡುತ್ತಿದ್ದ ಮೇಣದ ಕ್ರೆಯಾನ್ ಚೂರು ಬಳಸದೆ ಉಳಿದಿದ್ದರೂ ಹಾಗೆಯೇ. ಆಡದೆ ಬಿಟ್ಟದ್ದಕ್ಕೆ ಇಲ್ಲಿ ಬಹುಮಾನ.

ವಾಪಸು ತೆಗೆದ ಪುಸ್ತಕಗಳದ್ದು ಬೇರೆಯೇ ಲೆಕ್ಕ. 1981ರಲ್ಲಿ ಜೀನ್ ವೆಲ್ಸ್ ಬರೆದ ‘ಪ್ಯಾಲೆಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್’ ಕಿತ್ತಳೆ ಮುಖಪುಟದಲ್ಲಿ ಬಂತು. ಒಳಗಿನ ಚಿತ್ರಗಳು ಸರಿಯಿಲ್ಲವೆಂದು ಕಂಪನಿಯೇ ತಡೆದು ಬಹುತೇಕ ಪ್ರತಿಗಳನ್ನು ನಾಶ ಮಾಡಿತು, ಆಮೇಲೆ ಬೇರೊಬ್ಬರಿಂದ ತಿದ್ದಿಸಿ ಹಸಿರು ಮುಖಪುಟದಲ್ಲಿ ತಂದಿತು. ಕಿತ್ತಳೆ ಪ್ರತಿ ಈಗ ಸಾವಿರ ಡಾಲರ್ ದಾಟುವುದುಂಟು, ಹಸಿರು ಪ್ರತಿ ಚಿಲ್ಲರೆ ಕಾಸಿನದು. ವಿಝರ್ಡ್ಸ್ ಕಂಪನಿ ಮುಂದೆ ಆ ಕಿತ್ತಳೆ ಪಠ್ಯವನ್ನೇ ಪುಕ್ಕಟೆಯಾಗಿ ಹಂಚಿತು. ಕಾಗದದ ಬೆಲೆ ಇಳಿಯಲಿಲ್ಲ.

ನಮ್ಮ ದೇವರುಗಳು ಬರುವ ಪುಸ್ತಕವೂ ಒಂದಿದೆ: 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’. ಇಂದ್ರ, ಯಮ, ಕಾಳಿ ಎಲ್ಲರಿಗೂ ಅದರಲ್ಲಿ ಪ್ರಾಣಬಲದ ಅಂಕ ಕೊಟ್ಟಿದ್ದಾರೆ. ಯಮನನ್ನು ಹೊಡೆದು ಉರುಳಿಸಲು ಎಷ್ಟು ಪೆಟ್ಟು ಬೇಕೆಂದು ಕೂಡಿಸಬಹುದು. (ಈ ಧೈರ್ಯ ನನಗಂತೂ ಇಲ್ಲ.) ಮೊದಲ ಮುದ್ರಣಗಳಲ್ಲಿ 144 ಪುಟ. ಕ್ಥುಲ್ಹು ಮತ್ತು ಮೆಲ್ನಿಬೋನೆ ಕಥಾಲೋಕಗಳ ಭಾಗ ಕೈಬಿಟ್ಟ ಮೇಲೆ 128 ಉಳಿಯಿತು. ಸಂಗ್ರಾಹಕರು ಹೆಚ್ಚು ಹಣ ಕೊಡುವುದು ಹೋದ ಆ 16 ಪುಟಗಳಿಗೆ.

ಈಗ ಕೊಳ್ಳುವ ಮಾತು. ಆಡಬೇಕೆಂದಿದ್ದರೆ ಹಳೆಯ ಪೆಟ್ಟಿಗೆಯ ಹತ್ತಿರವೂ ಹೋಗಬೇಡಿ. ಆಟದ ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದ್ದಾರೆ, ಖರ್ಚು ಸೊನ್ನೆ. ಸಂಗ್ರಹಕ್ಕೇ ಬೇಕೆಂದಿದ್ದರೆ ‘ಸೀಲ್ ಒಡೆದಿಲ್ಲ’ ಎಂಬ ಮಾತಿಗೆ ಮರುಳಾಗಬೇಡಿ. ಪ್ಲಾಸ್ಟಿಕ್ ಹೊದಿಕೆಯನ್ನು ಹೊಸದಾಗಿ ಸುತ್ತಿ ಕಾಯಿಸುವ ಯಂತ್ರ ಯಾರಿಗೆ ಬೇಕಾದರೂ ಸಿಗುತ್ತದೆ. ಮುಖಪುಟ, ಮುದ್ರಣದ ವಿವರವಿರುವ ಪುಟ, ಪಿನ್ನುಗಳು, ಬಿಡಿ ಹಾಳೆಗಳು, ಪೆಟ್ಟಿಗೆಯ ನಾಲ್ಕೂ ಮೂಲೆ, ಇವುಗಳ ಚಿತ್ರವನ್ನು ಒಂದೊಂದಾಗಿ ಕೇಳಿ ತರಿಸಿಕೊಳ್ಳಿ. ಸಾಗಣೆ ವೆಚ್ಚ, ಸುಂಕ ಸೇರಿಸಿ ರೂಪಾಯಿಯಲ್ಲಿ ಮೊತ್ತ ಬರೆದು ನೋಡಿ. ಚಿತ್ರ ಕಳಿಸಲು ಮೀನಮೇಷ ಎಣಿಸುವವರಿಗೆ ದುಡ್ಡು ಕಳಿಸಬೇಡಿ.