ನೋವು ಬರಿಸಿದರೆ ನೋವು ಹೆಚ್ಚೇ?

ಪ್ರಶ್ನೆ: ದಿನ ತುಂಬಿದರೂ ನನಗೆ ನೋವು ಕಾಣಿಸಿಲ್ಲ. ಡ್ರಿಪ್ ಹಾಕಿ ನೋವು ಬರಿಸೋಣ ಅಂತಾರೆ ಡಾಕ್ಟರು. ತಾನಾಗಿ ಬರುವ ನೋವಿಗಿಂತ ಅದು ಜಾಸ್ತಿಯೇ?
– ಓದುಗರೊಬ್ಬರು, ಕರೋಲ್ ಬಾಗ್, ದೆಹಲಿ

ಉತ್ತರ: ಅನೇಕ ತಾಯಂದಿರಿಗೆ ಹಾಗೆ ಅನ್ನಿಸುವುದು ನಿಜ, ತಂಗಿ. ತಾನಾಗಿ ಬರುವ ನೋವು ಸೊಂಟದಲ್ಲಿ ಸಣ್ಣಗೆ ಶುರುವಾಗಿ, ಬಿಟ್ಟು ಬಿಟ್ಟು ಬಂದು, ಗಂಟೆಗಟ್ಟಲೆ ಹೊತ್ತು ತೆಗೆದುಕೊಂಡು ಬಲಿಯುತ್ತದೆ. ಮೈ ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಡ್ರಿಪ್‌ನಲ್ಲಿ ಆ ಏರು ಬೇಗ ಬರಬಹುದು; ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಸಿಗುವ ಬಿಡುವು ಕಿರಿದಾಗಬಹುದು.

ಡ್ರಿಪ್ ಬಾಟಲಿಯಲ್ಲಿರುವುದು ಆಕ್ಸಿಟೋಸಿನ್. ನಿಮ್ಮ ಮೆದುಳೇ ತಯಾರಿಸುವ ರಸ ಅದು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಅವರಿಗೆ 1955ರಲ್ಲಿ ನೊಬೆಲ್ ಬಂತು. 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ತಯಾರಿಸದಂತೆ ಕೇಂದ್ರ ಸರ್ಕಾರ ತಡೆದು, ಬೆಂಗಳೂರಿನ ಸರ್ಕಾರಿ ಕಂಪನಿಯೊಂದಕ್ಕೇ ವಹಿಸಿತ್ತು. ನಿಮ್ಮೂರಿನ ಹೈಕೋರ್ಟೇ ಆ ಆದೇಶ ರದ್ದುಮಾಡಿತು. ತಾಯಂದಿರ ಜೀವ ಉಳಿಸುವ ಮದ್ದು ಸುಲಭವಾಗಿ ಸಿಗಲೇಬೇಕು.

ಡ್ರಿಪ್ಪನ್ನು ಹನಿ ಹನಿಯಾಗಿ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬಂದರೆ ತಗ್ಗಿಸುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಗರ್ಭಕೊರಳು ಇನ್ನೂ ಗಟ್ಟಿಯಾಗಿದ್ದರೆ ಮೊದಲು ಜೆಲ್ ಅಥವಾ ಪುಟ್ಟ ಬಲೂನಿನಿಂದ ಮೆದುಮಾಡುತ್ತಾರೆ. ಅದಕ್ಕೇ ಒಂದು ದಿನ ಹಿಡಿದೀತು.

ಹೆದರಿ ದಿನ ಮುಂದೂಡಬೇಡಿ. ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇದೆಯೇ, ಜೊತೆಗೆ ಅಮ್ಮನನ್ನೋ ಅಕ್ಕನನ್ನೋ ಬಿಡುತ್ತಾರೆಯೇ ಎಂದು ಇವತ್ತೇ ಕೇಳಿಕೊಳ್ಳಿ. ಮಗುವಿನ ಮಿಸುಕಾಟ ಕಡಿಮೆಯಾದರೆ ಯಾರಿಗೂ ಕಾಯದೆ ಆಸ್ಪತ್ರೆಗೆ ಹೊರಡಿ.