ಹಾರಾಟದ ಶಾಲೆ: ಸೇರುವ ಮುನ್ನ

ಹೆಬ್ಬಾಳ ದಾಟಿ ಕೆಂಪೇಗೌಡ ವಿಮಾನ ನಿಲ್ದಾಣದ ಕಡೆ ಹೊರಟರೆ ಬಲಗಡೆ ಜಕ್ಕೂರು ಏರೋಡ್ರೋಮ್ ಸಿಗುತ್ತದೆ. ಮೇಲ್ಸೇತುವೆಯ ಮೇಲೆ ಕಾರುಗಳು ಸಾಗುತ್ತಿರುವಾಗ ಪಕ್ಕದಲ್ಲೇ ಒಂದು ಪುಟ್ಟ ಸೆಸ್ನಾ ವಿಮಾನ ಇಳಿಯುವುದನ್ನು ನೀವೂ ನೋಡಿರಬಹುದು. ಇಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾಗಿದ್ದು 1949ರಲ್ಲಿ, ಮೈಸೂರು ಸಂಸ್ಥಾನ ಭಾರತದೊಳಗೆ ಸೇರಿಕೊಳ್ಳುತ್ತಿದ್ದ ಕಾಲದಲ್ಲಿ. ಬಹಳ ವರ್ಷ ಕರ್ನಾಟಕದಲ್ಲಿ ಪೈಲಟ್ ಆಗಬೇಕೆಂದವರು ಮೊದಲು ವಿಚಾರಿಸುತ್ತಿದ್ದ ಬಾಗಿಲು ಇದೇ.

ಈಗ ಬಾಗಿಲುಗಳು ಹೆಚ್ಚಿವೆ. ಮೈಸೂರಿನ ಮಂಡಕಳ್ಳಿಯಲ್ಲಿ, ಬೆಳಗಾವಿಯ ಸಾಂಬ್ರಾದಲ್ಲಿ, ಕಲಬುರಗಿಯಲ್ಲಿ ಖಾಸಗಿ ಶಾಲೆಗಳು ಬಂದಿವೆ. ಹೊರರಾಜ್ಯಕ್ಕೆ ಹೋಗುವವರಿಗೆ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಮಹಾರಾಷ್ಟ್ರದ ಗೊಂದಿಯಾದಲ್ಲೂ ಒಂದು ಶಾಲೆ ಇದೆ. ಪಿಯುಸಿ ಫಲಿತಾಂಶ ಬಂದ ವಾರ ಈ ಶಾಲೆಗಳ ಜಾಹೀರಾತುಗಳು ಫೋನಿನ ತುಂಬ ಹರಿದಾಡುತ್ತವೆ. ಬಿಳಿ ಅಂಗಿ, ಹೆಗಲ ಮೇಲೆ ಪಟ್ಟಿ, ಹಿಂದೆ ಹೊಳೆಯುವ ವಿಮಾನ. ಎಲ್ಲ ಶಾಲೆಯ ಚಿತ್ರವೂ ಒಂದೇ ಥರ ಇರುತ್ತದೆ. ಅರ್ಧ ಕೋಟಿ ರೂಪಾಯಿಯ ಆಸುಪಾಸಿನ, ಕೆಲವೊಮ್ಮೆ ಅದಕ್ಕೂ ಮೀರಿದ ಖರ್ಚಿನ ನಿರ್ಧಾರವನ್ನು ಆ ಚಿತ್ರ ನೋಡಿ ತೆಗೆದುಕೊಳ್ಳುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಲ ಅಡವಿಟ್ಟವರಿದ್ದಾರೆ, ನಿವೃತ್ತಿಯ ದುಡ್ಡು ಪೂರ್ತಿ ಸುರಿದವರಿದ್ದಾರೆ. ಅಂಥವರಿಗಾಗಿ ಈ ಬರಹ.

ಶಾಲೆಗಿಂತ ಮೊದಲು ವೈದ್ಯರು. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು ಅನ್ನುವುದು ಬಹುತೇಕರಿಗೆ ಗೊತ್ತು. ವಾಣಿಜ್ಯ, ಕಲಾ ವಿಭಾಗದವರು ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಪಾಸು ಮಾಡಿಕೊಂಡು ಬರುವುದೂ ಉಂಟು. ಆದರೆ ವೃತ್ತಿಪರ ಪೈಲಟ್ ಪರವಾನಗಿಗೆ, ಅಂದರೆ ಸಿಪಿಎಲ್‌ಗೆ, ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಬಣ್ಣ ಗುರುತಿಸುವುದರಲ್ಲಿ, ಕಿವಿಯಲ್ಲಿ, ಇಸಿಜಿಯಲ್ಲಿ ಒಂದು ತೊಡಕು ಕಂಡರೂ ಹಾದಿ ಅಲ್ಲಿಗೇ ನಿಲ್ಲಬಹುದು. ಹಲವರು ಎರಡನೇ ದರ್ಜೆಯ ಪರೀಕ್ಷೆ ಮುಗಿಸಿ, ಶುಲ್ಕದ ಮೊದಲ ಕಂತು ಕಟ್ಟಿ, ಹಾರಾಟ ಶುರು ಮಾಡಿ, ಆಮೇಲೆ ಮೊದಲ ದರ್ಜೆಯ ಪರೀಕ್ಷೆಗೆ ಹೋಗುತ್ತಾರೆ. ಕ್ರಮ ತಿರುಗಿಸಿ. ಎರಡನ್ನೂ ಮುಗಿಸಿಕೊಂಡೇ ಶಾಲೆಯ ಮೆಟ್ಟಿಲು ಹತ್ತಿ. ಈ ಪರೀಕ್ಷೆ ನಡೆಸುವ ದೇಶದ ಹಳೆಯ ಕೇಂದ್ರಗಳಲ್ಲೊಂದಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಬೆಂಗಳೂರಿನಲ್ಲೇ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲೇ ಇದೆ.

ಇನ್ನು ಶಾಲೆ. ಸಿಪಿಎಲ್‌ಗೆ ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ. ಒಂದು ದೂರದ ಪ್ರಯಾಣ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದಂತೆ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಮಾಡಿರಬೇಕು. ರಾತ್ರಿ ಹಾರಾಟ, ಉಪಕರಣಗಳನ್ನಷ್ಟೇ ನಂಬಿ ಹಾರುವ ಅಭ್ಯಾಸ ಬೇರೆ. ಹಾಗಾಗಿ ಶಾಲೆ ಮಾರುತ್ತಿರುವುದು ಗಂಟೆಗಳನ್ನು. ನೀವು ಕೇಳಬೇಕಾದದ್ದೂ ಗಂಟೆಗಳ ಲೆಕ್ಕವನ್ನೇ.

"ನಿಮ್ಮಲ್ಲಿ ಎಷ್ಟು ವಿಮಾನ ಇವೆ?" ಎಂದು ಕೇಳಿದರೆ ಎಂಟು ಎನ್ನುತ್ತಾರೆ. ಅದು ನಿಜವೇ ಇರುತ್ತದೆ. "ಇವತ್ತು ಹಾರುತ್ತಿರುವುದು ಎಷ್ಟು?" ಎಂದು ಕೇಳಿ. ಒಂದು ಎಂಜಿನ್ ಓವರ್‌ಹಾಲ್‌ಗೆ ಹೋಗಿರುತ್ತದೆ, ಒಂದಕ್ಕೆ ಬಿಡಿಭಾಗ ಬರಬೇಕು, ಎರಡು ನಿಗದಿತ ತಪಾಸಣೆಯಲ್ಲಿರುತ್ತವೆ. ಲೆಕ್ಕ ಹಾಕಿ ನೋಡೋಣ. ನಾಲ್ಕು ವಿಮಾನ ದಿನಕ್ಕೆ ತಲಾ ಐದು ಗಂಟೆ ಹಾರಿದರೆ ಸಿಗುವುದು 20 ಗಂಟೆ. ವಿದ್ಯಾರ್ಥಿಗಳು 80 ಇದ್ದರೆ ಒಬ್ಬರ ಪಾಲಿಗೆ ಕಾಲು ಗಂಟೆ. ತಿಂಗಳಲ್ಲಿ 25 ದಿನ ಹವೆ ಒದಗಿತೆಂದುಕೊಂಡರೂ ಆರು ಗಂಟೆ ಚಿಲ್ಲರೆ. 200 ಗಂಟೆ ಮುಗಿಯಲು 32 ತಿಂಗಳು! ಹದಿನೈದು ತಿಂಗಳಲ್ಲಿ ಪರವಾನಗಿ ಅಂದ ಶಾಲೆಯಲ್ಲಿ ಮೂರು ವರ್ಷ ಕಳೆದವರ ಕಥೆಯ ಹಿಂದೆ ಸಾಮಾನ್ಯವಾಗಿ ಇರುವುದು ಈ ಸರಳ ಭಾಗಾಕಾರ.

ತಡವಾದರೆ ಬರೀ ಕಾಯುವುದಷ್ಟೇ ಅಲ್ಲ, ದುಡ್ಡೂ ಹೋಗುತ್ತದೆ. ಪರವಾನಗಿಗೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳಲ್ಲಿ ಇಷ್ಟು ಗಂಟೆ ಹಾರಿರಬೇಕು ಎಂಬ ನಿಯಮವಿದೆ. ಬಹು ಎಂಜಿನ್ ವಿಮಾನ ಕೆಟ್ಟು ನಿಂತು, ಕೊನೆಯ ಹತ್ತು ಹದಿನೈದು ಗಂಟೆಗಾಗಿ ಕಾದು ಕೂತವರು ಆಮೇಲೆ ಅವಧಿ ಮೀರಿದ ಹಳೆಯ ಗಂಟೆಗಳನ್ನು ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತದೆ. ಆದ್ದರಿಂದ ಬಹು ಎಂಜಿನ್ ವಿಮಾನ ಶಾಲೆಯದ್ದೇ ಇದೆಯೇ, ಕಳೆದ ತಿಂಗಳು ಎಷ್ಟು ಗಂಟೆ ಹಾರಿತು ಎನ್ನುವುದನ್ನು ಬೇರೆಯಾಗಿಯೇ ವಿಚಾರಿಸಿ.

ಊರಿನ ಹವೆಯೂ ಶಾಲೆಯ ಒಂದು ಭಾಗವೇ. ಬೆಳಗಾವಿಯ ಮಳೆಗಾಲದಲ್ಲಿ ಮೋಡ ನೆಲಕ್ಕಿಳಿದರೆ ವಾರಗಟ್ಟಲೆ ವಿಮಾನ ಹೊರಗೆ ಬರುವುದಿಲ್ಲ. ಕಲಬುರಗಿಯಲ್ಲಿ ಮಳೆ ಕಡಿಮೆ, ಆದರೆ ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ಕಾದ ಗಾಳಿ ತೆಳುವಾಗಿ ಸಣ್ಣ ಎಂಜಿನ್ ಏದುಸಿರು ಬಿಡುತ್ತದೆ. ಹಾಗಾಗಿ ಅಲ್ಲಿ ನಸುಕಿನಲ್ಲೇ ಹಾರಾಟ ಶುರು ಮಾಡುವ ಶಾಲೆಗೆ ಬೆಲೆ ಹೆಚ್ಚು. ಗಂಗೆಯ ಬಯಲಿನ ಶಾಲೆಗಳಿಗೆ ಡಿಸೆಂಬರ್-ಜನವರಿಯ ಮಂಜು. ಜಕ್ಕೂರಿನ ಹವೆ ಹಿತವಾದದ್ದು, ಆದರೆ ಸುತ್ತಲಿನ ಆಕಾಶದಲ್ಲಿ ಜಾಗ ಇಕ್ಕಟ್ಟು. ಒಂದು ಕಡೆ ಎಚ್‌ಎಎಲ್ ವಿಮಾನ ನಿಲ್ದಾಣ, ಇನ್ನೊಂದು ಕಡೆ ಯಲಹಂಕ ವಾಯುನೆಲೆ, ಉತ್ತರಕ್ಕೆ ಕೆಂಪೇಗೌಡ ನಿಲ್ದಾಣ. ಏರೋ ಇಂಡಿಯಾ ಪ್ರದರ್ಶನದ ದಿನಗಳಲ್ಲಿ ಮೇಲೇರುವ ಮಾತೇ ಇಲ್ಲ. ಇಂಥ ಆಕಾಶದಲ್ಲಿ ಕಲಿತವರಿಗೆ ರೇಡಿಯೊದಲ್ಲಿ ಮಾತಾಡುವ ಪಳಗಿಕೆ ಬೇಗ ಬರುತ್ತದೆ ಅನ್ನುವುದೂ ಅಷ್ಟೇ ನಿಜ.

ಇಷ್ಟೆಲ್ಲ ಸರಿಯಿದ್ದೂ ಒಬ್ಬ ಒಳ್ಳೆಯ ಬೋಧಕ ಇಲ್ಲದಿದ್ದರೆ ಶಾಲೆ ಇಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಜಕ್ಕೂರಿನಲ್ಲೇ ವಿಮಾನ, ಹ್ಯಾಂಗರ್, ರನ್‌ವೇ ಎಲ್ಲ ಇದ್ದೂ ಬೋಧಕರ ಕೊರತೆಯಿಂದ ತರಬೇತಿ ಸ್ಥಗಿತಗೊಂಡ ವರ್ಷಗಳಿವೆ. ಎಪ್ಪತ್ತು ವರ್ಷದ ಹೆಸರಿದ್ದ ಶಾಲೆಗೇ ಹಾಗಾಯಿತು.

ಬೋಧಕರಲ್ಲಿ ಎರಡು ಹಂತ. ಸಹಾಯಕ ಬೋಧಕ ಹಿರಿಯರ ಮೇಲ್ವಿಚಾರಣೆಯಲ್ಲಿ ಕಲಿಸಬಹುದು, ಆದರೆ ವಿದ್ಯಾರ್ಥಿಯನ್ನು ಮೊದಲ ಬಾರಿ ಒಂಟಿಯಾಗಿ ಹಾರಲು ಬಿಡುವ ಅಧಿಕಾರ ಅವರಿಗಿಲ್ಲ. ಅದು ಪೂರ್ಣ ಬೋಧಕರದ್ದು. ಇವರೆಲ್ಲರ ಮೇಲೆ ಮುಖ್ಯ ಬೋಧಕರು. ಸಹಾಯಕರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು, ಏರ್‌ಲೈನ್ ಕೆಲಸ ಸಿಗುವವರೆಗೆ ಗಂಟೆ ಕೂಡಿಸುತ್ತಿರುವವರು. ಅವರಲ್ಲಿ ಬಹಳ ಚೆನ್ನಾಗಿ ಕಲಿಸುವವರಿದ್ದಾರೆ. ಹಾಗಿದ್ದರೂ ಏರ್‌ಲೈನ್‌ಗಳು ನೇಮಕಾತಿ ತೆರೆದ ತಿಂಗಳು ಅರ್ಧದಷ್ಟು ಮಂದಿ ಹೊರಟುಬಿಟ್ಟರೆ ನಿಮ್ಮ ಮಗಳು ಐದನೇ ಬೋಧಕರ ಕೈಯಲ್ಲಿ ಮತ್ತೆ ಮೊದಲಿಂದ ಲ್ಯಾಂಡಿಂಗ್ ಕಲಿಯುತ್ತಿರುತ್ತಾಳೆ. ಮೊದಲ ಒಂಟಿ ಹಾರಾಟದವರೆಗೆ ಒಬ್ಬರೇ ಕಲಿಸುತ್ತಾರೆಯೇ? ಕಳೆದ ವರ್ಷ ಎಷ್ಟು ಬೋಧಕರು ಬಿಟ್ಟುಹೋದರು? ಈ ಪ್ರಶ್ನೆಗಳಿಗೆ ಕಚೇರಿಯವರು ತಡವರಿಸಿದರೆ ಕ್ಯಾಂಟೀನಿನಲ್ಲಿ ಕೂತ ವಿದ್ಯಾರ್ಥಿಗಳನ್ನು ಕೇಳಿ. ಅವರು ಹೇಳುತ್ತಾರೆ.

ಒಳ್ಳೆಯ ಬೋಧಕರನ್ನು ಗುರುತಿಸಲು ವಿಮಾನ ಹತ್ತಬೇಕಾಗಿಲ್ಲ, ನೆಲದ ಮೇಲೆ ನಿಂತು ನೋಡಿದರೆ ಸಾಕು. ಹಾರುವ ಮುನ್ನ ವಿದ್ಯಾರ್ಥಿ ವಿಮಾನದ ಸುತ್ತ ಒಂದು ಸುತ್ತು ಬರುತ್ತಾನೆ. ರೆಕ್ಕೆಯ ಅಡಿಯ ಕವಾಟ ಒತ್ತಿ ಪಾರದರ್ಶಕ ಲೋಟವೊಂದಕ್ಕೆ ಒಂದಿಷ್ಟು ಇಂಧನ ಇಳಿಸಿಕೊಂಡು ಬೆಳಕಿಗೆ ಹಿಡಿಯುತ್ತಾನೆ. ಈ ಏವಿಗ್ಯಾಸ್‌ನ ಬಣ್ಣ ತಿಳಿನೀಲಿ. ಅದರಲ್ಲಿ ನೀರು ಸೇರಿದ್ದರೆ ಬಣ್ಣವಿಲ್ಲದ ಗುಳ್ಳೆಯಾಗಿ ತಳದಲ್ಲಿ ಕೂರುತ್ತದೆ. ಆ ಒಂದು ಗುಳ್ಳೆ ಎಂಜಿನ್‌ಗೆ ಹೋದರೆ ಟೇಕಾಫ್ ಆದ ಕೂಡಲೇ ಎಂಜಿನ್ ನಿಲ್ಲಬಹುದು. ಅವಸರದ ಬೋಧಕ ಅಷ್ಟರಲ್ಲೇ ಸೀಟಿನಲ್ಲಿ ಕೂತು "ಬೇಗ ಬಾ" ಅನ್ನುತ್ತಿರುತ್ತಾನೆ. ಒಳ್ಳೆಯ ಬೋಧಕ ನಾಲ್ಕು ಹೆಜ್ಜೆ ದೂರ ನಿಂತು ನೋಡುತ್ತಾರೆ. ಹುಡುಗ ಒಂದು ಕಡೆ ಕವಾಟ ಮರೆತರೆ ತಾವು ಹೋಗಿ ಮುಟ್ಟುವುದಿಲ್ಲ, "ಎಲ್ಲ ಆಯ್ತಾ?" ಎಂದಷ್ಟೇ ಕೇಳುತ್ತಾರೆ. ಹುಡುಗ ತಾನೇ ನೆನಪಿಸಿಕೊಂಡು ವಾಪಸ್ ಹೋಗುವವರೆಗೆ ಕಾಯುತ್ತಾರೆ.

ಇಳಿದ ಮೇಲಿನ ಹೊತ್ತನ್ನೂ ಗಮನಿಸಿ. ಹದಿನೈದು ನಿಮಿಷ ಕೂತು, ಯಾವ ಲ್ಯಾಂಡಿಂಗ್‌ನಲ್ಲಿ ವೇಗ ಹೆಚ್ಚಿತ್ತು, ಯಾಕೆ ಹೆಚ್ಚಿತು, ನಾಳೆ ಏನು ಮಾಡೋಣ ಎಂದು ಮಾತಾಡುವವರ ಕೈಯಲ್ಲಿ ಕಲಿತವರು ಬೇಗ ಕಲಿಯುತ್ತಾರೆ. ಲಾಗ್‌ಬುಕ್‌ಗೆ ಸಹಿ ಹಾಕಿ ಮುಂದಿನ ಹುಡುಗನನ್ನು ಕರೆಯುವವರ ಕೈಯಲ್ಲಿ ಗಂಟೆ ಮಾತ್ರ ಕೂಡುತ್ತದೆ. ಕೂಗಾಡುವ ಬೋಧಕರನ್ನು ಶಿಸ್ತಿನವರು ಎಂದು ಹೊಗಳುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ಬೈಗುಳಕ್ಕೆ ಹೆದರಿದ ವಿದ್ಯಾರ್ಥಿ ತನ್ನ ತಪ್ಪನ್ನು ಮುಚ್ಚಿಡಲು ಕಲಿಯುತ್ತಾನೆ. ವಿಮಾನದಲ್ಲಿ ಅದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಲಾಗ್‌ಬುಕ್ಕಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 2011ರಲ್ಲಿ ನಕಲಿ ಅಂಕಪಟ್ಟಿ, ಹಾರದ ಗಂಟೆಗಳ ದಾಖಲೆ ತೋರಿಸಿ ಪರವಾನಗಿ ಪಡೆದ ಪೈಲಟ್‌ಗಳ ಪ್ರಕರಣ ದೇಶವನ್ನೇ ಬೆಚ್ಚಿಬೀಳಿಸಿತು, ಬಂಧನಗಳೂ ಆದವು. "ನಾಲ್ಕು ಗಂಟೆ ಹೆಚ್ಚು ಬರೆದುಕೊಳ್ಳೋಣ" ಎಂದು ಯಾರಾದರೂ ಹೇಳಿದರೆ, ಎಷ್ಟೇ ದುಡ್ಡು ಕಟ್ಟಿದ್ದರೂ ಆ ಶಾಲೆಯಿಂದ ಹೊರಬನ್ನಿ.

ವಿದೇಶಕ್ಕೆ ಹೋಗಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಅಮೆರಿಕ, ದಕ್ಷಿಣ ಆಫ್ರಿಕಾಗಳಲ್ಲಿ ಗಂಟೆಗಳು ಬೇಗ ಮುಗಿಯುತ್ತವೆ, ನಿಜ. ಆದರೆ ವಾಪಸ್ ಬಂದ ಮೇಲೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಪರೀಕ್ಷೆಗಳನ್ನು ಪಾಸು ಮಾಡಲೇಬೇಕು, ಪರವಾನಗಿ ಬದಲಿಸಿಕೊಳ್ಳಲೇಬೇಕು. ಎಲ್ಲೇ ಹಾರಿದರೂ ನ್ಯಾವಿಗೇಷನ್, ಹವಾಮಾನ, ನಿಯಮಾವಳಿಯ ಪತ್ರಿಕೆಗಳನ್ನು ಶೇ 70 ಅಂಕದೊಂದಿಗೆ ಮೊದಲೇ ಮುಗಿಸಿಕೊಂಡು ಹೋದವರಿಗೆ ಕಷ್ಟ ಕಡಿಮೆ.

ಡಿಜಿಸಿಎ 2025ರ ಅಕ್ಟೋಬರ್‌ನಿಂದ ಹಾರಾಟದ ಶಾಲೆಗಳಿಗೆ ದರ್ಜೆ ಕೊಡಲು ಶುರು ಮಾಡಿದೆ. ಮೊದಲ ಪಟ್ಟಿಯಲ್ಲಿ ಎ ದರ್ಜೆ ಒಂದು ಶಾಲೆಗೂ ದಕ್ಕಲಿಲ್ಲ. 13 ಶಾಲೆಗಳು ಬಿ, 22 ಶಾಲೆಗಳು ಸಿ. ಶಾಲೆಯ ಮಾನ್ಯತೆ ಚಾಲ್ತಿಯಲ್ಲಿದೆಯೇ, ದರ್ಜೆ ಯಾವುದು ಎಂದು ಮೊದಲು ಡಿಜಿಸಿಎ ಪಟ್ಟಿಗಳಲ್ಲಿ ನೋಡಿ. ಆಮೇಲೆ ಶಾಲೆಯಿರುವ ಊರಿಗೆ ಹೋಗಿ ಮೂರು ನಾಲ್ಕು ದಿನ ಉಳಿಯಿರಿ, ಬೆಳಿಗ್ಗೆ ಎಷ್ಟು ವಿಮಾನ ಮೇಲೇರುತ್ತವೆ ಎಂದು ಎಣಿಸಿ. ಪೂರ್ತಿ ಶುಲ್ಕ ಒಂದೇ ಸಲ ಕಟ್ಟಿದರೆ ರಿಯಾಯಿತಿ ಎಂದರೆ ಒಪ್ಪಬೇಡಿ. ಹಾರಿದ ಗಂಟೆಗೆ ತಕ್ಕ ಹಾಗೆ ಕಂತು, ನಡುವೆ ಬಿಟ್ಟರೆ ಉಳಿದ ಹಣ ವಾಪಸ್, ಇವೆರಡೂ ಕರಾರಿನಲ್ಲಿ ಲಿಖಿತವಾಗಿ ಇರಲಿ. ಅದಕ್ಕೆ ಒಪ್ಪದ ಶಾಲೆಗೆ ಮಕ್ಕಳನ್ನು ಸೇರಿಸಬೇಡಿ.