ಚಪ್ಪರದವರ ಪಂಚಾಂಗ

ಲಿಂಗರಾಜಪುರದ ಕಡೆಯಿಂದ ನಾನು ದಿನವೂ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಬಯಲಿದೆ. ಬೆಳಗ್ಗೆ ಅದು ಬರಿಯ ಬಯಲು. ಎರಡು ಹಸುಗಳೂ ನಾಲ್ಕು ಹುಡುಗರೂ ಅದರ ಒಡೆಯರು. ಸಂಜೆ ಹಿಂದಿರುಗುವ ವೇಳೆಗೆ ಅಲ್ಲಿ ಸರ್ವೆಯ ಗಳಗಳು ನಿಂತು, ಬಿಳಿಯ ಬಟ್ಟೆ ಹಬ್ಬಿ, ಮಾವಿನ ತೋರಣ ತೂಗಿ, ದೀಪದ ಸಾಲುಗಳು ಮಿನುಗಿ, ಯಾರದೋ ಆರತಕ್ಷತೆ ನಡೆಯುತ್ತಿರುತ್ತದೆ. ಮರುದಿನ ಮತ್ತೆ ಬಯಲು. ಗಳ ಹೂಳಿದ ಕುಳಿಗಳು, ಬಾಡಿದ ಚೆಂಡುಹೂಗಳು, ಅಷ್ಟೆ. ಹತ್ತು ವರ್ಷ ಈ ಇಂದ್ರಜಾಲವನ್ನು ನೋಡಿದರೂ ಅದರ ಹಿಂದೆ ಯಾರ ಬುದ್ಧಿ ಕೆಲಸ ಮಾಡುತ್ತಿದೆ ಎಂದು ನಾನು ವಿಚಾರಿಸಿದವನಲ್ಲ. ತರಗತಿಯಲ್ಲಿ ಅಲಂಕಾರಶಾಸ್ತ್ರವನ್ನು ಪಾಠ ಹೇಳುವವನಿಗೆ ಅಲಂಕಾರ ಮಾಡುವವನ ಪರಿಚಯವೇ ಇಲ್ಲದಿರುವುದು ನಮ್ಮ ವಿದ್ಯಾಭ್ಯಾಸದ ಒಂದು ಲಕ್ಷಣವೆಂದು ತೋರುತ್ತದೆ.

ಪರಿಚಯ ಮಾಡಿಸಿಕೊಟ್ಟದ್ದು ನನ್ನದೇ ಒಂದು ಅಪಜಯ. ಕೆಲವು ವರ್ಷಗಳ ಹಿಂದೆ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ವೇದಿಕೆಯನ್ನು ಸಿಂಗರಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಕನ್ನಡ ಬಲ್ಲವನೆಂದ ಮೇಲೆ ಅಲಂಕಾರವೂ ಬಂದೀತು ಎಂದು ಪ್ರಾಂಶುಪಾಲರು ನಂಬಿದರು, ನಾನೂ ನಂಬಿದೆ. ಒಂದು ಹಾಳೆಯ ಮೇಲೆ ಸಾಮಗ್ರಿಗಳ ಪಟ್ಟಿ ಮಾಡಿದೆ: ಬಟ್ಟೆ ಇಷ್ಟು ಗಜ, ಸೇವಂತಿಗೆ ಇಷ್ಟು ಮಾರು, ಬಾಳೆಕಂದು ನಾಲ್ಕು, ದೀಪದ ಸರ ಹತ್ತು. ಪಟ್ಟಿಯಲ್ಲಿ ಎಲ್ಲವೂ ಇತ್ತು. ಯಾವುದರ ಅನಂತರ ಯಾವುದು ಎಂಬುದೊಂದು ಮಾತ್ರ ಇರಲಿಲ್ಲ. ಹಬ್ಬದ ದಿನ ಬೆಲೆ ಏರೀತೆಂಬ ಜಾಣತನದಿಂದ ಹಿಂದಿನ ದಿನ ಬೆಳಗ್ಗೆಯೇ ಹೂ ತರಿಸಿ ಕಂಬಕಂಬಕ್ಕೆ ಸುತ್ತಿಸಿದೆ. ಸಂಜೆ ವಿದ್ಯುತ್ತಿನ ಕೆಲಸದವನು ಬಂದು, ತಂತಿ ಎಳೆಯಬೇಕಾದರೆ ಈ ಬಟ್ಟೆಯನ್ನೆಲ್ಲ ಬಿಚ್ಚಬೇಕೆಂದ. ಬಿಚ್ಚಿದಾಗ ಅರ್ಧ ಹೂ ಉದುರಿತು. ಉಳಿದರ್ಧ ದೀಪಗಳ ಕಾವಿಗೆ ಬೆಳಗಾಗುವುದರೊಳಗೆ ಕಂದಿತು. ಮರುದಿನವೆಲ್ಲ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ವಿದ್ಯಾರ್ಥಿನಿಯರು ಎರಡು ತಿಂಗಳು ಅಭ್ಯಾಸ ಮಾಡಿದ್ದ ನಾಟಕ ಒಂದೂವರೆ ಗಂಟೆ ತಡವಾಗಿ ಆರಂಭವಾಯಿತು; ಸಭಾಂಗಣವನ್ನು ತೆರವು ಮಾಡುವ ಹೊತ್ತಾಯಿತೆಂದು ಕೊನೆಯ ಅಂಕವನ್ನು ಕೈಬಿಟ್ಟು ಮುಗಿಯಿತು. ಆ ಅಂಕದಲ್ಲಿ ಮಾತ್ರ ರಂಗಕ್ಕೆ ಬರಬೇಕಾಗಿದ್ದ ಹುಡುಗಿಯೊಬ್ಬಳು ಮುಖಕ್ಕೆ ಹಚ್ಚಿದ ಬಣ್ಣವನ್ನು ಒರೆಸಿಕೊಳ್ಳದೆಯೇ ತಾಯಿಯ ಹಿಂದೆ ಮನೆಗೆ ಹೋದಳು. ಅವಳು ನನ್ನನ್ನು ಏನೂ ಅನ್ನಲಿಲ್ಲ.

ಜನ ಚದುರಿದ ಮೇಲೆ, ಗಳ ಮತ್ತು ಬಟ್ಟೆ ತಂದಿದ್ದ ಚಪ್ಪರದ ಮೇಸ್ತ್ರಿ ನನ್ನ ಪಕ್ಕದಲ್ಲಿ ಬಂದು ಕುಳಿತ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವನು. ಹೂವಿನವಳೊಡನೆ ತಮಿಳು, ದೀಪದವನೊಡನೆ ಉರ್ದು, ನನ್ನೊಡನೆ ಕನ್ನಡ. "ಮೇಷ್ಟ್ರೇ, ನೀವು ಬೆಳಗ್ಗೆಯಿಂದ ಸಾಯಂಕಾಲಕ್ಕೆ ಎಣಿಸಿದ್ರಿ. ನಮ್ಮ ಕೆಲಸದಲ್ಲಿ ಮುಹೂರ್ತದಿಂದ ಹಿಂದಕ್ಕೆ ಎಣಿಸಬೇಕು," ಎಂದ. ಎಣಿಸಿಯೂ ತೋರಿಸಿದ. ಆರು ಗಂಟೆಗೆ ಸಭೆಯೆಂದರೆ ನಾಲ್ಕಕ್ಕೆ ಹೂ ಮುಗಿದಿರಬೇಕು. ಹೂವಿಗೆ ಮೂರು ತಾಸು. ಆದ್ದರಿಂದ ಒಂದು ಗಂಟೆಗೆ ದೀಪಗಳನ್ನೆಲ್ಲ ಒಮ್ಮೆ ಹೊತ್ತಿಸಿ ನೋಡಿ ಆರಿಸಿ ಆಗಿರಬೇಕು. ಅದಕ್ಕೆ ಮುನ್ನ ಬಟ್ಟೆ, ಬಟ್ಟೆಗೆ ಮುನ್ನ ತಂತಿ, ತಂತಿಗೆ ಮುನ್ನ ಗಳ. ಗಳ ಹಿಂದಿನ ರಾತ್ರಿಯೇ ನಿಂತಿರಬೇಕು. ಹೂ ಮಾತ್ರ ಆ ದಿನದ ನಸುಕಿನಲ್ಲಿ ಮಾರುಕಟ್ಟೆಯಿಂದ ಬರಬೇಕು. ಬಾಳೆಕಂದು ಎರಡು ತಾಸು ತಡವಾದರೆ ಯಾರಿಗೂ ತಿಳಿಯದು. ತಂತಿ ಅರ್ಧ ತಾಸು ತಡವಾದರೆ ಊರಿಗೆಲ್ಲ ತಿಳಿಯುತ್ತದೆ.

ಯಾವ ಕೆಲಸ ತಡವಾದರೆ ಇಡಿಯ ಕಾರ್ಯವೇ ತಡವಾಗುವುದೋ ಅಂಥ ಕೆಲಸಗಳ ಸರಪಳಿಯನ್ನು ಬೇರ್ಪಡಿಸಿ ಅದರ ಮೇಲೆ ಕಣ್ಣಿಡಬೇಕೆಂಬ ಪದ್ಧತಿಯನ್ನು ಅಮೆರಿಕದ ಡ್ಯೂಪಾಂಟ್ ಕಂಪನಿಯವರು ೧೯೫೭ರ ಸುಮಾರಿನಲ್ಲಿ ಗಣಕಯಂತ್ರದ ನೆರವಿನಿಂದ ರೂಪಿಸಿದರು. ಇಂದು ವಾಣಿಜ್ಯ ವಿಭಾಗದ ನನ್ನ ಮಿತ್ರರು ಅದನ್ನು ಕರಿಹಲಗೆಯ ಮೇಲೆ ಬಾಣಗಳಿಂದ ಬಿಡಿಸಿ ತೋರಿಸುತ್ತಾರೆ. ಮೇಸ್ತ್ರಿ ಅದನ್ನು ಬೆರಳ ಗೆಣ್ಣುಗಳ ಮೇಲೆ ತೋರಿಸಿದ.

ಅನಂತರ ನಾನು ಅವನನ್ನು ಹಲವು ಸಲ ಕಂಡಿದ್ದೇನೆ. ಅವನ ಗೋದಾಮಿನ ಗೋಡೆಗೆ ನಾಲ್ಕು ಕ್ಯಾಲೆಂಡರುಗಳು ತೂಗುತ್ತವೆ: ಪಂಚಾಂಗದ್ದೊಂದು, ಹಿಜರಿ ತಿಂಗಳುಗಳದ್ದೊಂದು, ಇಗರ್ಜಿಯದೊಂದು, ಶಾಲೆಯದೊಂದು. ನಾನಿರುವ ಈ ಭಾಗವನ್ನು ೨೦೦೮ರ ಚುನಾವಣೆಯಿಂದ ಸರ್ವಜ್ಞನಗರ ವಿಧಾನಸಭಾ ಕ್ಷೇತ್ರವೆನ್ನುತ್ತಾರೆ. ಇಲ್ಲಿಯ ಚಪ್ಪರದವನು ನಿಜವಾಗಿಯೂ ಸರ್ವಜ್ಞನಾಗಿರಬೇಕು. ಹಿಂದೂಗಳಿಗೆ ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಪಿತೃಪಕ್ಷದಲ್ಲಿಯೂ ಮದುವೆಯಿಲ್ಲ. ಕ್ರೈಸ್ತರಿಗೆ ಈಸ್ಟರಿನ ಹಿಂದಿನ ನಲವತ್ತು ದಿನಗಳ ತಪಸ್ಸಿನ ಕಾಲದಲ್ಲಿಲ್ಲ. ಮುಸಲ್ಮಾನರಲ್ಲಿ ಅನೇಕರು ಮೊಹರಮ್ಮಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಹಿಜರಿ ವರ್ಷವಾದರೋ ಪ್ರತಿ ಸಲವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ; ರಂಜಾನ್ ಹಬ್ಬ ನಾಳೆಯೋ ನಾಡಿದ್ದೋ ಎಂಬುದು ಚಂದ್ರ ಕಂಡ ಮೇಲೆ ನಿಶ್ಚಯ. ಎರಡು ದಿನಕ್ಕೂ ಸಿದ್ಧನಾಗಿದ್ದು ಒಂದೇ ದಿನದ ಬಾಡಿಗೆ ಪಡೆಯುವುದು ಆ ಕಸುಬಿನ ನಿಯಮ.

ತಿಥಿಗಳು ಡಿಕ್ಕಿ ಹೊಡೆಯುವುದೂ ಉಂಟು. ಶಿವಾಜಿನಗರದ ಸಂತ ಮೇರಿ ಬಸಿಲಿಕದಲ್ಲಿ ಆಗಸ್ಟ್ ೨೯ರಂದು ಧ್ವಜ ಏರಿದರೆ ಸೆಪ್ಟೆಂಬರ್ ೮ರಂದು ಮೇರಿಯಮ್ಮನ ತೇರು. ಅದು ಕದಲದ ದಿನ. ೨೦೨೪ರಲ್ಲಿ ಗಣೇಶನ ಚೌತಿ ಸೆಪ್ಟೆಂಬರ್ ೭ರಂದೇ ಬಂದಿತು. ಒಂದು ವಾರ ಕಳೆದು ೧೬ರಂದು ಈದ್ ಮಿಲಾದ್. ಮೂರು ದೇವರ ಬೀದಿಗಳಿಗೂ ಅವೇ ಗಳಗಳು, ಅವೇ ದೀಪದ ಸರಗಳು, ಅವೇ ಹುಡುಗರು. ಮೇರಿಯಮ್ಮನ ಬೀದಿಯ ನೀಲಿ ದೀಪಗಳು ಗಣಪತಿಯ ಪೆಂಡಾಲಿಗೆ ಹೋಗಿ, ಅಲ್ಲಿಂದ ಹಸುರು ಗಾಜಿನ ಸರಗಳೊಡನೆ ಮಸೀದಿಯ ರಸ್ತೆಗೆ ಬಂದುದನ್ನು ಅವನು ವರ್ಣಿಸಿದಾಗ, ಸರ್ವಧರ್ಮ ಸಮನ್ವಯವನ್ನು ಕುರಿತ ನಮ್ಮ ಭಾಷಣಗಳು ನೆನಪಾಗಿ ನನಗೆ ಸ್ವಲ್ಪ ಸಂಕೋಚವಾಯಿತು. ಅವನಿಗೆ ಅದು ಸಮನ್ವಯವಲ್ಲ, ಸಾಗಾಣಿಕೆ. ಆ ಹದಿನೈದು ದಿನ ಅವನು ಮಲಗಿದ್ದು ಟೆಂಪೊದಲ್ಲಿ.

ದುಡಿಮೆಯಿಲ್ಲದ ದಿನಗಳ ಲೆಕ್ಕ ಇನ್ನೂ ಬಿಗಿಯಾದುದು. ೨೦೨೩ರಲ್ಲಿ ಆಷಾಢ ಕಳೆದೊಡನೆ ಅಧಿಕ ಶ್ರಾವಣ ಬಂದಿತು. ಜೂನ್ ೧೯ರಿಂದ ಆಗಸ್ಟ್ ೧೬ರವರೆಗೆ ಮದುವೆಯ ಚಪ್ಪರವೇ ಇಲ್ಲ. ಇದನ್ನು ಅವನು ಒಂದು ವರ್ಷ ಮೊದಲೇ ಪಂಚಾಂಗದಲ್ಲಿ ನೋಡಿ ಹಣ ಕಟ್ಟಿಟ್ಟಿದ್ದ. ಯಾವ ಪಂಚಾಂಗದಲ್ಲಿಯೂ ಇಲ್ಲದೆ ಬಂದದ್ದು ೨೦೨೦. ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿತು. ಚೈತ್ರ ವೈಶಾಖಗಳ ಲಗ್ನಗಳೆಲ್ಲ ನಿಂತವು. ಮುಂದೆ ಅಪ್ಪಣೆ ದೊರೆತಾಗ ಐವತ್ತು ಜನಕ್ಕೆ ಮೀರಬಾರದೆಂದಾಯಿತು. ಐವತ್ತು ಜನಕ್ಕೆ ಚಪ್ಪರ ಯಾತಕ್ಕೆ? ಪಡೆದಿದ್ದ ಮುಂಗಡಗಳನ್ನು ಹಿಂದಿರುಗಿಸಲು ಹೆಂಡತಿಯ ಬಳೆಗಳನ್ನು ಅಡವಿಟ್ಟನಂತೆ. ಕೊಡದೆ ಉಳಿಸಿಕೊಂಡಿದ್ದರೆ ಯಾರು ಕೇಳುತ್ತಿದ್ದರು ಎಂದು ನಾನು ಲೋಕಜ್ಞಾನ ಮೆರೆದಾಗ, "ಮುಂದಿನ ಮಗಳ ಮದುವೆಗೂ ಅವರು ನನ್ನನ್ನೇ ಕರೀಬೇಕಲ್ಲ ಸಾರ್," ಎಂದ.

ಮನೆಯವರಿಗೆ ಬೇಡವಾದ ಆಷಾಢ ಅಂಗಡಿಯವರಿಗೆ ಬೇಕಾದುದು. ಮದುವೆಗಳಿಲ್ಲದೆ ಬಿಕರಿ ಇಳಿದಾಗ ಹಳೆಯ ಸರಕನ್ನು ಬೆಲೆ ಇಳಿಸಿ ಖಾಲಿ ಮಾಡುವ ಆಷಾಢದ ಮಾರಾಟ ನಮ್ಮ ನಾಡಿನ ಬಟ್ಟೆ ವ್ಯಾಪಾರದ ಒಂದು ವ್ರತವೇ ಆಗಿದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿಯೂ, ಈಚೆಗೆ ಅದರ ತಂಗಿಯಂತೆ ಬೆಳೆದಿರುವ ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿಯೂ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಗಾಜಿನ ಹಿಂದೆ ಕೆಲಸ ಆರಂಭವಾಗುತ್ತದೆ. ಗೊಂಬೆಗಳ ಸೀರೆ ಬಿಚ್ಚಿ ಬೇರೆ ಉಡಿಸುತ್ತಾರೆ. ನೆರಿಗೆಗಳನ್ನು ಗುಂಡುಸೂಜಿಯಿಂದ ಹಿಡಿದು ನಿಲ್ಲಿಸುತ್ತಾರೆ. ದೀಪವನ್ನು ಸೀರೆಯ ಒಡಲಿಗಲ್ಲ, ಸೆರಗಿಗೆ ತಿರುಗಿಸುತ್ತಾರೆ. ವರಮಹಾಲಕ್ಷ್ಮಿಯ ರೇಷ್ಮೆ ಆಷಾಢದ ಮಾರಾಟ ಮುಗಿದ ರಾತ್ರಿಯೇ ಗಾಜಿಗೆ ಬರಬೇಕಾದರೆ ನೇಕಾರನಿಗೆ ಎಷ್ಟು ತಿಂಗಳು ಮೊದಲು ಹೇಳಿರಬೇಕು? ಇಲ್ಲಿಯೂ ಎಣಿಕೆ ಹಿಂದಕ್ಕೇ.

ಈ ಗಾಜಿನ ಕಿಟಕಿಯ ವಿದ್ಯೆಯನ್ನು ಕ್ಷುಲ್ಲಕವೆನ್ನುವ ಸಾಹಿತಿಗಳಿಗೆ ಒಂದು ಸಂಗತಿ ತಿಳಿಸಬೇಕು. ಮಕ್ಕಳೆಲ್ಲ ಬಲ್ಲ ಓಜ಼್ ಮಾಂತ್ರಿಕನ ಕಥೆಯನ್ನು ಬರೆದ ಫ್ರಾಂಕ್ ಬಾಮ್ ಎಂಬ ಅಮೆರಿಕದ ಲೇಖಕ ಅಂಗಡಿಯ ಕಿಟಕಿಗಳ ಸಿಂಗಾರಕ್ಕೆಂದೇ ೧೮೯೭ರಲ್ಲಿ ಷಿಕಾಗೊ ನಗರದಿಂದ ಒಂದು ಪತ್ರಿಕೆಯನ್ನು ಹೊರಡಿಸಿದ. ಬಟ್ಟೆಯಂಗಡಿಗಳ ಕಿಟಕಿಯನ್ನು ಅಲಂಕರಿಸುವ ಕಲೆಯನ್ನು ಕುರಿತ ಅವನ ಪುಸ್ತಕವೂ ಓಜ಼್ ಕಥೆಯೂ ಅಚ್ಚಾದದ್ದು ಒಂದೇ ವರ್ಷ, ೧೯೦೦ರಲ್ಲಿ. ನಮ್ಮಲ್ಲಿ ನವರಾತ್ರಿಯ ಗೊಂಬೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿ, ಪಟ್ಟದ ಗೊಂಬೆಗೆ ಮೇಲಿನ ಸ್ಥಾನ ಕೊಟ್ಟು, ಕೆಳಗಿನ ಮೆಟ್ಟಿಲಲ್ಲಿ ಚನ್ನಪಟ್ಟಣದ ಮರದ ಸಂತೆಯನ್ನೇ ನೆರೆಯಿಸುವ ಗೃಹಿಣಿಯರು ಅದೇ ಕಲೆಯನ್ನು ಕಮ್ಮಟವಿಲ್ಲದೆ ಕಲಿತವರು.

ತಾತ್ಕಾಲಿಕ ವೈಭವದ ಯೋಜನೆ ನಮಗೆ ಹೊಸದೂ ಅಲ್ಲ. ಊರಿಗೆ ಅಷ್ಟಶೋಭೆ ಮಾಡಿಸಿದರು ಎಂಬ ಮಾತನ್ನು ಹಳಗನ್ನಡ ಓದಿದವರು ಎಷ್ಟು ಸಲ ದಾಟಿ ಹೋಗಿಲ್ಲ! ಆ ಎಂಟು ಶೋಭೆಗಳಿಗೆ ಗಳ ಹೊತ್ತವರು ಯಾರು, ಕೂಲಿ ಎಷ್ಟು ಎಂದು ನಾನು ತರಗತಿಯಲ್ಲಿ ಎಂದೂ ಕೇಳಿರಲಿಲ್ಲ. ೧೪೪೩ರಲ್ಲಿ ವಿಜಯನಗರದ ಮಹಾನವಮಿಯನ್ನು ನೋಡಿದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಚಿತ್ರಗಳಿಂದ ತುಂಬಿದ, ಹಲವು ಅಂತಸ್ತುಗಳ ಮಂಟಪಗಳನ್ನು ಕಂಡುದಾಗಿಯೂ ಅವುಗಳಲ್ಲಿ ಕೆಲವು ತಿರುಗುತ್ತ ಕ್ಷಣಕ್ಷಣಕ್ಕೂ ಬೇರೆ ಮುಖ ತೋರುತ್ತಿದ್ದುವೆಂದೂ ಬರೆದಿದ್ದಾನೆ. ತಿರುಗುವ ಮಂಟಪವನ್ನು ಕಟ್ಟಿದವನು ಒಂದು ರಾತ್ರಿಯಾದರೂ ಅದನ್ನು ಮೊದಲೇ ತಿರುಗಿಸಿ ನೋಡಿರದೆ ಇರಲಾರ.

ಅಷ್ಟು ದೂರ ಹೋಗುವುದೇಕೆ? ಬೇಸಗೆಯಲ್ಲಿ ಹಲಸೂರಿನ ಸೋಮೇಶ್ವರನ ಜಾತ್ರೆಯ ಹೂವಿನ ಪಲ್ಲಕ್ಕಿಗಳನ್ನು ಒಂದು ರಾತ್ರಿ ನಿಂತು ನೋಡಬೇಕು. ಸುತ್ತಣ ಗುಡಿಗಳಿಂದ ಒಂದೊಂದಾಗಿ ಬರುವ ಆ ಪಲ್ಲಕ್ಕಿಗಳು ಹೂವಿನ ಗೋಪುರಗಳು. ಬಿದಿರಿನ ಚೌಕಟ್ಟನ್ನು ದಿನಗಳ ಮೊದಲೇ ಕಟ್ಟಿದ್ದರೂ ಹೂವನ್ನು ಆ ದಿನವೇ ಏರಿಸಬೇಕು. ಗಟ್ಟಿ ಹೂವಾದ ಚೆಂಡುಹೂವೂ ಸೇವಂತಿಗೆಯೂ ಮೊದಲು, ಸುಗಂಧರಾಜ ಅನಂತರ, ಮಲ್ಲಿಗೆ ಎಲ್ಲಕ್ಕೂ ಕಡೆಗೆ, ದೀಪದಿಂದ ದೂರಕ್ಕೆ. ಮೇಸ್ತ್ರಿಯೊಡನೆ ನಿಂತು ನೋಡಿದ ರಾತ್ರಿ ನಾನು ದೇವರನ್ನು ನೋಡಿದೆನೋ ಗಂಟುಗಳನ್ನು ನೋಡಿದೆನೋ ಹೇಳಲಾರೆ.

ಒಂದು ಪಲ್ಲಕ್ಕಿಯ ಮುಂದೆ ಅವನು ತಲೆಯಾಡಿಸಿದ. "ಹೂ ಹೆಚ್ಚಾಯ್ತು, ದೇವರು ಕಾಣಿಸ್ತಿಲ್ಲ." ನಾನು ಬೆಚ್ಚಿದೆ. ಅಲಂಕಾರ ಎಂಬ ಮಾತಿನೊಳಗಿರುವ 'ಅಲಂ' ಎಂದರೆ ಸಾಕು ಎಂದರ್ಥ. ಸಾಕೆನ್ನುವಷ್ಟು ಮಾಡುವುದೇ ಅಲಂಕಾರ. ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸಲು ಕೊರಳಿಗೆ ಒಡ್ಯಾಣ, ಸೊಂಟಕ್ಕೆ ಹಾರ ತೊಟ್ಟವರ ಮಾತನ್ನು ತೆಗೆಯುತ್ತಾನೆ. ಅದನ್ನು ಹೇಳಿ ವರ್ಷವರ್ಷವೂ ವಿದ್ಯಾರ್ಥಿಗಳನ್ನು ನಗಿಸಿದ್ದೇನೆ. ಆದರೆ ನನ್ನ ವೇದಿಕೆಗೆ ಆರು ಮಾರು ಸಾಲುವಲ್ಲಿ ಹದಿನೆಂಟು ಮಾರು ಸೇವಂತಿಗೆ ಬರೆದವನೂ ನಾನೇ. ಈಗ ಕಾಯಿದೆಗಳೂ ಕೆಲವು ಕಡೆ ಸಾಕೆನ್ನುತ್ತಿವೆ. ೨೦೧೬ರಲ್ಲಿ ನಮ್ಮ ಸರ್ಕಾರ ಪ್ಲಾಸ್ಟಿಕ್ಕಿನ ತೋರಣ, ಬಾವುಟ, ಫ್ಲೆಕ್ಸುಗಳನ್ನು ನಿಷೇಧಿಸಿತು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ ೨೦೦೦ದಿಂದಲೇ ಇದೆ. ಬಟ್ಟೆಯ ಮೇಲೆ ಅಕ್ಷರ ಬರೆಯುವ ಮುದುಕನೊಬ್ಬನನ್ನು ಮೇಸ್ತ್ರಿ ಮತ್ತೆ ಹುಡುಕಿಕೊಂಡಿದ್ದಾನೆ. ಅವನ 'ಸುಸ್ವಾಗತ' ಬಹಳ ಚೆನ್ನಾಗಿರುತ್ತದೆ.

ಹೇಳದೆ ಬಿಡಬಹುದಾಗಿದ್ದ ಒಂದು ವಿಷಯ ಉಳಿದಿದೆ. ನಮ್ಮ ಆ ರಾಜ್ಯೋತ್ಸವದ ಬಾಕಿ ಹಣ ಮೇಸ್ತ್ರಿಗೆ ಸಂದದ್ದು ಮೂರು ತಿಂಗಳ ಮೇಲೆ. ಮೂರು ದರಪಟ್ಟಿಗಳಿರಲಿಲ್ಲ, ರಸೀತಿಗೆ ಮುದ್ರೆಯಿರಲಿಲ್ಲ, ಲೆಕ್ಕದವರು ರಜೆಯಲ್ಲಿದ್ದರು. ಇವೆಲ್ಲ ನಿಜವಾದ ಕಾರಣಗಳು. ಹೂವಿನವಳಿಗೂ ಗಳ ಹೊತ್ತ ಹುಡುಗರಿಗೂ ಅವನು ಆ ರಾತ್ರಿಯೇ ಕೈಯಿಂದ ಎಣಿಸಿ ಕೊಟ್ಟುದನ್ನು ನಾನು ಕಣ್ಣಾರೆ ನೋಡಿದ್ದೆ. ಎರಡು ಸಲ ಕೇಳಲು ಬಂದ. ಎರಡು ಸಲವೂ ನಾನು ಪಾಠದಲ್ಲಿದ್ದೇನೆಂದು ಹೇಳಿಸಿದೆ. ಒಂದು ಸಲ ಪಾಠವಿತ್ತು.

ಈ ಸಲದ ರಾಜ್ಯೋತ್ಸವಕ್ಕೆ ನಾನೇ ಯೋಜನೆಯ ಹಾಳೆ ಬರೆದಿದ್ದೇನೆ. ಸಭೆ ಆರಕ್ಕೆ, ಹೂ ಒಂದರಿಂದ ನಾಲ್ಕಕ್ಕೆ, ದೀಪದ ಪರೀಕ್ಷೆ ಹನ್ನೆರಡಕ್ಕೆ, ಗಳ ಹಿಂದಿನ ರಾತ್ರಿ. ಸೇವಂತಿಗೆ ಆರು ಮಾರು. ಮೊದಲು ನಾಟಕ, ಭಾಷಣಗಳು ಆಮೇಲೆ. ಕಡೆಯ ಸಾಲು: ಗಳ ಇಳಿಸುವ ಮುನ್ನ ಮೇಸ್ತ್ರಿಗೆ ಪೂರ್ತಿ ಹಣ. ಹಾಳೆ ಕಚೇರಿಗೆ ಹೋಗಿ ಹತ್ತು ದಿನವಾಯಿತು. ಕಡೆಯ ಸಾಲಿನ ಪಕ್ಕದಲ್ಲಿ ಯಾರೋ ಪೆನ್ಸಿಲಿನಿಂದ ಪ್ರಶ್ನೆಯ ಚಿಹ್ನೆ ಹಾಕಿ ಹಿಂದಕ್ಕೆ ಕಳುಹಿಸಿದ್ದರು. ಅದನ್ನು ಅಳಿಸಿ ಮತ್ತೆ ಕಳುಹಿಸಿದ್ದೇನೆ.